ಎರಡು ಬಂದರುಗಳ ಕಾನ್ಸುಲ್

ಹತ್ತೊಂಬತ್ತನೇ ಶತಮಾನ ಮುಗಿಯಲು ಇನ್ನೆರಡು ಮೂರು ವರ್ಷ ಬಾಕಿ ಇತ್ತು. ಅಮೆರಿಕದ ಫ್ಲಾರಿಡಾ ರಾಜ್ಯದ ಜ್ಯಾಕ್ಸನ್‌ವಿಲ್ ಪಟ್ಟಣದ ನ್ಯಾಯಾಲಯದಲ್ಲಿ ಕಪ್ಪು ವರ್ಣದ ಯುವಕರೊಬ್ಬರು ವಕೀಲಿ ಸನ್ನದಿಗಾಗಿ ಪರೀಕ್ಷೆಗೆ ನಿಂತಿದ್ದರು. ಪರೀಕ್ಷೆ ನಡೆದದ್ದು ಬಾಯಿಮಾತಿನಲ್ಲಿ, ತೆರೆದ ಕೋರ್ಟಿನಲ್ಲಿ, ಬಿಳಿಯ ನ್ಯಾಯಾಧೀಶರ ಮುಂದೆ. ಪ್ರಶ್ನೆ ಕೇಳಿದ ವಕೀಲರೆಲ್ಲ ಬಿಳಿಯರೇ. ಆಸ್ತಿ ಕಾನೂನು, ಕರಾರು, ಅಪರಾಧ ಸಂಹಿತೆ ಎಂದು ಪ್ರಶ್ನೆಗಳು ಬರುತ್ತಲೇ ಇದ್ದವು, ಉತ್ತರಗಳೂ ತಡವರಿಸದೆ ಹೊರಬರುತ್ತಿದ್ದವು. ಕೊನೆಗೆ, ಈ ಮನುಷ್ಯನಿಗೆ ಸನ್ನದು ಸಿಗುವುದನ್ನು ತಾನು ನೋಡಲಾರೆ ಎಂದು ಪರೀಕ್ಷಕರಲ್ಲೊಬ್ಬರು ಎದ್ದು ಹೊರನಡೆದರು. ನ್ಯಾಯಾಧೀಶರು ಸನ್ನದು ಕೊಟ್ಟರು. ಆ ಕೌಂಟಿಯಲ್ಲಿ ಬಹಿರಂಗ ಪರೀಕ್ಷೆ ಎದುರಿಸಿ ವಕೀಲರಾದ ಮೊದಲ ಕಪ್ಪು ಮನುಷ್ಯ ಎಂಬ ಹೆಸರು ಜೇಮ್ಸ್ ವೆಲ್ಡನ್ ಜಾನ್ಸನ್ ಅವರದಾಯಿತು.

ಇಂದು ಜಾನ್ಸನ್ ಅವರನ್ನು ಹೆಚ್ಚಿನವರು ನೆನೆಯುವುದು ಕವಿಯೆಂದು. ಆದರೆ ಅವರ ಬದುಕಿನ ಏಳು ವರ್ಷ ಎರಡು ಬಂದರು ಪಟ್ಟಣಗಳ ಕಾನ್ಸುಲ್ ಕಚೇರಿಗಳಲ್ಲಿ ಕಳೆಯಿತು. ತಮ್ಮ ಊರಿನ ಪಾರ್ಕಿನಲ್ಲಿ ನಿರ್ಭಯವಾಗಿ ಕೂರಲು ಬಿಡದ ದೇಶವನ್ನು ಅವರು ಪರದೇಶದಲ್ಲಿ ಪ್ರತಿನಿಧಿಸಿದರು, ಅದರ ಮೊಹರು ಒತ್ತಿದರು, ಅದರ ಯುದ್ಧನೌಕೆಗಳಿಗೆ ದಾರಿ ಮಾಡಿಕೊಟ್ಟರು. ಮುಂದೆ ಅದೇ ದೇಶದ ಅಧಿಕಾರವನ್ನು ಪ್ರಶ್ನಿಸಲು ಹೊರಟಾಗ ಆ ಏಳು ವರ್ಷಗಳ ಅನುಭವವೇ ಅವರ ಕೈಗೆ ಬಂದ ಆಯುಧವಾಯಿತು. ಅವರ ಜೀವನದ ಈ ಭಾಗವನ್ನು ಬಿಟ್ಟರೆ ಉಳಿದ ಭಾಗ ಪೂರ್ತಿ ಅರ್ಥವಾಗುವುದಿಲ್ಲ.

ಜಾನ್ಸನ್ ಹುಟ್ಟಿದ್ದು 1871ರ ಜೂನ್ 17ರಂದು, ಜ್ಯಾಕ್ಸನ್‌ವಿಲ್‌ನಲ್ಲಿ. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಂತರ್ಯುದ್ಧ ಮುಗಿದು ಆಗ ಆರು ವರ್ಷ ಕಳೆದಿತ್ತು. ತಂದೆ ಸೇಂಟ್ ಜೇಮ್ಸ್ ಎಂಬ ದೊಡ್ಡ ಹೋಟೆಲಿನಲ್ಲಿ ಮುಖ್ಯ ವೇಟರ್. ಬಹಾಮಾ ದ್ವೀಪಗಳ ನಾಸೌ ಕಡೆಯ ತಾಯಿ ಶಾಲಾ ಶಿಕ್ಷಕಿ. ಮನೆಯಲ್ಲಿ ಪುಸ್ತಕವಿತ್ತು, ಪಿಯಾನೊ ಇತ್ತು. ಜೊತೆಗೆ ಆ ಮನೆಯಲ್ಲಿ ಉಳಿದುಕೊಂಡು ಓದುತ್ತಿದ್ದ ಕ್ಯೂಬಾದ ಹುಡುಗನೊಬ್ಬನಿದ್ದ. ಅವನ ಒಡನಾಟದಲ್ಲಿ ಜಾನ್ಸನ್‌ಗೆ ಸ್ಪ್ಯಾನಿಷ್ ಕರಗತವಾಯಿತು. ಆಟದ ನಡುವೆ ಕಲಿತ ಈ ಭಾಷೆ ಮುಂದೆ ನೌಕರಿ ಕೊಡಿಸಿತು.

1894ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದ ಪದವಿ ಮುಗಿಸಿ ಊರಿಗೆ ಮರಳಿದ ಜಾನ್ಸನ್, ತಾವು ಓದಿದ ಸ್ಟ್ಯಾಂಟನ್ ಶಾಲೆಗೇ ಮುಖ್ಯೋಪಾಧ್ಯಾಯರಾದರು. ಕಪ್ಪು ಮಕ್ಕಳಿಗೆ ಎಂಟನೇ ತರಗತಿಯ ಆಚೆ ಓದು ಇಲ್ಲದ ಆ ಶಾಲೆಯಲ್ಲಿ ವರ್ಷಕ್ಕೊಂದರಂತೆ ತರಗತಿ ಸೇರಿಸುತ್ತಾ ಅದನ್ನು ಹೈಸ್ಕೂಲು ಮಾಡಿದರು. ಒಂದು ದಿನಪತ್ರಿಕೆಯನ್ನೂ ಶುರು ಮಾಡಿದರು. ಎಂಟು ತಿಂಗಳಿಗೆ ಅದು ನಿಂತುಹೋಯಿತು. ಆಮೇಲೆ ಕಾನೂನಿನ ಕಡೆ ಹೊರಳಿ, ಥಾಮಸ್ ಲೆಡ್‌ವಿತ್ ಎಂಬ ಬಿಳಿಯ ವಕೀಲರ ಕಚೇರಿಯಲ್ಲಿ ಕೂತು ಓದಿದರು. ಕಾಲೇಜಿಗೆ ಹೋಗದೆ ಹಿರಿಯ ವಕೀಲರ ಕೈಕೆಳಗೆ ಕಾನೂನು ಕಲಿಯುವುದು ಆ ಕಾಲದ ಅಮೆರಿಕದಲ್ಲಿ ವಾಡಿಕೆಯಾಗಿತ್ತು. ಕಪ್ಪು ಯುವಕನಿಗೆ ಬಿಳಿಯ ವಕೀಲರು ಬಾಗಿಲು ತೆರೆಯುವುದು ಮಾತ್ರ ವಾಡಿಕೆಯಾಗಿರಲಿಲ್ಲ.

ಕಾಲವೂ ಹಿಮ್ಮುಖವಾಗಿ ಸರಿಯುತ್ತಿತ್ತು. ಯುದ್ಧಾನಂತರದ ಪುನರ್ನಿರ್ಮಾಣದ ಅವಧಿಯಲ್ಲಿ ಕಪ್ಪು ಜನ ಮತ ಹಾಕಿದ್ದರು, ಶಾಸನಸಭೆಗಳಲ್ಲಿ ಕುಳಿತಿದ್ದರು. 1877ರಲ್ಲಿ ದಕ್ಷಿಣದ ರಾಜ್ಯಗಳಿಗೆ ಕೇಂದ್ರದ ಸೇನೆಯ ಬೆಂಬಲ ತಪ್ಪಿದ ಮೇಲೆ ಆ ಹಕ್ಕುಗಳು ಒಂದೊಂದಾಗಿ ಕಳಚಿಬಿದ್ದವು. ಕಪ್ಪು ಜನರಿಗೂ ಬಿಳಿಯರಿಗೂ ಬೇರೆ ಬೇರೆ ರೈಲು ಬೋಗಿ ಇಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1896ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತ್ತು. ಜಾನ್ಸನ್ ಸನ್ನದು ಪಡೆದದ್ದು ಆ ತೀರ್ಪಿನ ಬೆನ್ನಿಗೇ. ಬೆಳಗ್ಗೆ ಶಾಲೆ ನಡೆಸಿ, ಮಿಕ್ಕ ಹೊತ್ತಿನಲ್ಲಿ ಗೆಳೆಯ ವೆಟ್‌ಮೋರ್ ಜೊತೆಗೂಡಿ ವಕೀಲಿ ಮಾಡಿದರು. ಆದರೆ ಅವರ ಮನಸ್ಸು ಪದ್ಯದಲ್ಲಿ, ಹಾಡಿನಲ್ಲಿತ್ತು.

1900ರ ಫೆಬ್ರವರಿ 12ರ ಲಿಂಕನ್ ಜನ್ಮದಿನಕ್ಕಾಗಿ ಅವರೊಂದು ಗೀತೆ ಬರೆದರು. ತಮ್ಮ ಜಾನ್ ರೋಸಮಂಡ್ ರಾಗ ಹಾಕಿದರು. ಶಾಲೆಯ 500 ಮಕ್ಕಳು ಅದನ್ನು ಹಾಡಿದರು. ಅಣ್ಣ ತಮ್ಮ ಇಬ್ಬರೂ ಊರು ಬಿಟ್ಟ ಮೇಲೂ ಆ ಮಕ್ಕಳು ಹಾಡುತ್ತಲೇ ಇದ್ದರು. ಬೆಳೆದು ಶಿಕ್ಷಕರಾದವರು ಬೇರೆ ಊರುಗಳ ಮಕ್ಕಳಿಗೆ ಕಲಿಸಿದರು. ‘ಲಿಫ್ಟ್ ಎವರಿ ವಾಯ್ಸ್ ಅಂಡ್ ಸಿಂಗ್’ ಎಂಬ ಆ ಗೀತೆ ಇಂದು ಕಪ್ಪು ಅಮೆರಿಕನ್ನರ ರಾಷ್ಟ್ರಗೀತೆ ಎಂದೇ ಹೆಸರಾಗಿದೆ.

ಮರುವರ್ಷ ಮೇ 3ರಂದು ಜ್ಯಾಕ್ಸನ್‌ವಿಲ್ ಹೊತ್ತಿ ಉರಿಯಿತು. 146 ಬೀದಿಬ್ಲಾಕುಗಳು ಬೂದಿಯಾದವು, ಸುಮಾರು 10,000 ಮಂದಿ ಮನೆ ಕಳೆದುಕೊಂಡರು. ಸ್ಟ್ಯಾಂಟನ್ ಶಾಲೆಯೂ ಉಳಿಯಲಿಲ್ಲ. ಸೇನಾಪಡೆ ಬಂದು ಊರಿನ ಆಡಳಿತ ಹಿಡಿಯಿತು. ಬೆಂಕಿಯ ಬಗ್ಗೆ ಬರೆಯಲು ನ್ಯೂಯಾರ್ಕಿನಿಂದ ಬಂದಿದ್ದ ಪತ್ರಕರ್ತೆಯೊಬ್ಬರು ತಮ್ಮ ಲೇಖನವನ್ನು ತೋರಿಸಬೇಕೆಂದು ಜಾನ್ಸನ್ ಅವರನ್ನು ನದಿತೀರದ ಹೊಸ ಪಾರ್ಕಿನಲ್ಲಿ ಭೇಟಿಯಾದರು. ಆಕೆ ಕಪ್ಪು ಮನೆತನದವರೇ, ಆದರೆ ಮೈಬಣ್ಣ ಮಾತ್ರ ಬಿಳಿಯರದಂತೆಯೇ ಇತ್ತು. ಕಪ್ಪು ಗಂಡಸು ಬಿಳಿಯ ಹೆಂಗಸಿನ ಜೊತೆ ಕಾಡಿನ ಕಡೆ ಹೋದ ಎಂಬ ಸುದ್ದಿ ಟ್ರಾಮ್ ನೌಕರರ ಬಾಯಿಂದ ಹರಡಿತು. ಬಂದೂಕು ಹಿಡಿದ ಸೈನಿಕರು ನಾಯಿಗಳೊಂದಿಗೆ ಬಂದು ಸುತ್ತುವರಿದರು. ಕೊಲ್ಲಬೇಕೆಂಬ ಕೂಗೆದ್ದಿತು. ಬಟ್ಟೆ ಹರಿಯಿತು, ಏಟು ಬಿದ್ದವು. ಅಷ್ಟರಲ್ಲಿ ಒಬ್ಬ ಅಧಿಕಾರಿ ಮುಂದೆ ಬಂದು ನೀವಿಬ್ಬರೂ ನನ್ನ ಬಂಧನದಲ್ಲಿದ್ದೀರಿ ಎಂದದ್ದರಿಂದ ಜೀವ ಉಳಿಯಿತು. ಶಿಬಿರದಲ್ಲಿ ಅವರನ್ನು ವಿಚಾರಿಸಿದ ಮೇಜರ್ ಅದೇ ಊರಿನ ವಕೀಲರು. ಜಾನ್ಸನ್ ಅವರನ್ನು ಕೋರ್ಟಿನಲ್ಲಿ ಕಂಡು ಬಲ್ಲವರು. ಅವರು ಕ್ಷಮೆ ಕೇಳಿ ಕಳುಹಿಸಿಕೊಟ್ಟರು.

ಸನ್ನದು ಇದ್ದೂ, ಶಾಲೆ ಕಟ್ಟಿಯೂ, ಊರೆಲ್ಲ ಬಲ್ಲ ಮನುಷ್ಯನಾಗಿದ್ದೂ ಆ ಮಧ್ಯಾಹ್ನ ಅವರ ಜೀವ ಒಬ್ಬ ಅಧಿಕಾರಿಯ ವಿವೇಕವನ್ನು ನಂಬಿಕೊಂಡಿತ್ತು. ಆ ಭಯ ವರ್ಷಗಟ್ಟಲೆ ಕನಸಿನಲ್ಲಿ ಕಾಡಿತೆಂದು ಅವರೇ ಆತ್ಮಕತೆಯಲ್ಲಿ ಬರೆದಿದ್ದಾರೆ.

1902ರಲ್ಲಿ ಜಾನ್ಸನ್ ನ್ಯೂಯಾರ್ಕ್ ಸೇರಿದರು. ತಮ್ಮನ ಜೊತೆ, ಬಾಬ್ ಕೋಲ್ ಎಂಬ ಗೆಳೆಯನ ಜೊತೆ ಸೇರಿ ಬ್ರಾಡ್‌ವೇ ನಾಟಕಗಳಿಗೆ ಹಾಡು ಬರೆದರು. ಹಾಡುಗಳು ಮನೆಮಾತಾದವು, ಹಣವೂ ಬಂತು. 1904ರ ಅಧ್ಯಕ್ಷ ಚುನಾವಣೆಯಲ್ಲಿ ಥಿಯೋಡರ್ ರೂಸ್‌ವೆಲ್ಟ್ ಪರವಾಗಿ ಪ್ರಚಾರಗೀತೆಯೊಂದನ್ನೂ ರಚಿಸಿದರು. ರಿಪಬ್ಲಿಕನ್ ಪಕ್ಷದ ನ್ಯೂಯಾರ್ಕ್ ಮುಖಂಡ ಚಾರ್ಲ್ಸ್ ಆಂಡರ್ಸನ್, ಕಪ್ಪು ಜನರ ಆ ಕಾಲದ ಅತಿ ಪ್ರಭಾವಿ ನಾಯಕ ಬುಕರ್ ಟಿ. ವಾಷಿಂಗ್ಟನ್, ಇಬ್ಬರೂ ಅವರ ಹೆಸರನ್ನು ಕಾನ್ಸುಲ್ ಹುದ್ದೆಗೆ ಸೂಚಿಸಿದರು.

ರಾಯಭಾರಿಗೂ ಕಾನ್ಸುಲ್‌ಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ರಾಯಭಾರಿ ರಾಜಧಾನಿಯಲ್ಲಿದ್ದು ಸರ್ಕಾರದೊಡನೆ ಮಾತಾಡುವವನು. ಕಾನ್ಸುಲ್ ಬಂದರಿನಲ್ಲೋ ವ್ಯಾಪಾರದ ಪಟ್ಟಣದಲ್ಲೋ ಕೂತು ತನ್ನ ದೇಶದ ಹಡಗು, ಸರಕು, ನಾವಿಕ, ಪ್ರಜೆಗಳನ್ನು ನೋಡಿಕೊಳ್ಳುವವನು. ಅಲ್ಲಿಯವರೆಗೆ ಅಮೆರಿಕದಲ್ಲಿ ಇಂಥ ಹುದ್ದೆಗಳು ಪಕ್ಷನಿಷ್ಠರಿಗೆ ಕೊಡುವ ಇನಾಮಾಗಿದ್ದವು. ಅನೇಕ ಕಾನ್ಸುಲ್‌ಗಳು ವಸೂಲು ಮಾಡಿದ ಶುಲ್ಕವನ್ನೇ ಸಂಬಳವಾಗಿ ಇಟ್ಟುಕೊಳ್ಳುತ್ತಿದ್ದರು. 1906ರ ಕಾಯಿದೆ ಇದನ್ನು ಬದಲಿಸಿತು: ಹುದ್ದೆಗಳಿಗೆ ದರ್ಜೆ ಬಂತು, ನಿಗದಿತ ಸಂಬಳ ಬಂತು, ಶುಲ್ಕ ಖಜಾನೆಗೆ ಹೋಯಿತು. ರೂಸ್‌ವೆಲ್ಟ್ ಆದೇಶದಿಂದ ಪ್ರವೇಶ ಪರೀಕ್ಷೆಯೂ ಕಡ್ಡಾಯವಾಯಿತು. ಜಾನ್ಸನ್ ಶಿಫಾರಸಿನಿಂದ ಆಯ್ಕೆಯಾದರೂ ಪರೀಕ್ಷೆಗೆ ಕೂತರು. ಕಾನೂನು ಓದಿದ್ದೂ ಸ್ಪ್ಯಾನಿಷ್ ಬಲ್ಲದ್ದೂ ನೆರವಾದವು. ಆದರೆ ಯಾವ ಊರಿಗೆ ಕಳುಹಿಸಬೇಕು ಎನ್ನುವಾಗ ಬಣ್ಣ ಮತ್ತೆ ಅಡ್ಡ ಬಂತು. ಕಪ್ಪು ಜನರನ್ನು ಲೈಬೀರಿಯ, ಹೈಟಿ, ಮಡಗಾಸ್ಕರ್, ಲ್ಯಾಟಿನ್ ಅಮೆರಿಕದ ಬಿಸಿಲ ಬಂದರುಗಳಿಗೆ ನೇಮಿಸುವುದು ಇಲಾಖೆಯ ಪದ್ಧತಿಯಾಗಿಬಿಟ್ಟಿತ್ತು.

1906ರಲ್ಲಿ ಜಾನ್ಸನ್ ವೆನೆಜುವೆಲಾದ ಪುವೆರ್ಟೊ ಕಬೆಲ್ಯೊ ಬಂದರಿಗೆ ಬಂದಿಳಿದರು. ಅಲ್ಲಿಂದ ಕಾಫಿ, ಕೋಕೋ, ಚರ್ಮ ಹಡಗೇರುತ್ತಿತ್ತು. ಅಮೆರಿಕಕ್ಕೆ ಹೋಗುವ ಸರಕಿನ ಬೆಲೆಪಟ್ಟಿಗೆ ಕಾನ್ಸುಲ್ ಸಹಿ ಮಾಡಬೇಕು. ಇಲ್ಲವಾದರೆ ಆಚೆ ದಡದ ಸುಂಕದವರು ಒಪ್ಪುವುದಿಲ್ಲ. ಹಡಗು ಹೊರಡುವ ಮುನ್ನ ಈ ಬಂದರಿನಲ್ಲಿ ಸಾಂಕ್ರಾಮಿಕ ರೋಗವಿಲ್ಲ ಎಂಬ ಆರೋಗ್ಯಪತ್ರ ಕೊಡಬೇಕು. ಕ್ಯಾಪ್ಟನ್‌ಗೂ ನಾವಿಕನಿಗೂ ಸಂಬಳದ ಜಗಳವಾದರೆ ವಿಚಾರಿಸಿ ತೀರ್ಮಾನ ಹೇಳಬೇಕು. ಅನಾಥನಾಗಿ ಸತ್ತ ಪ್ರಜೆಯ ಪೆಟ್ಟಿಗೆಯಲ್ಲಿರುವುದನ್ನು ಪಟ್ಟಿ ಮಾಡಿ ವಾರಸುದಾರರಿಗೆ ತಲುಪಿಸಬೇಕು. ಈ ಎಲ್ಲದರ ಲೆಕ್ಕ ವಾಷಿಂಗ್ಟನ್‌ಗೆ ಹೋಗಬೇಕು. ಇದರಲ್ಲಿ ಅರ್ಧಕ್ಕರ್ಧ ವಕೀಲನ ಕೆಲಸವೇ. ಹಡಗು ಬಂದ ದಿನ ಬಿಡುವಿಲ್ಲ, ಬಾರದ ದಿನ ಹೊತ್ತು ಹೋಗದು. ಆ ಬಿಡುವಿನಲ್ಲಿ ಜಾನ್ಸನ್ ಕವಿತೆ ಬರೆದರು. ನ್ಯೂಯಾರ್ಕಿನಲ್ಲಿ ಆರಂಭಿಸಿದ್ದ ಕಾದಂಬರಿಯನ್ನೂ ಮುಂದುವರಿಸಿದರು.

ಆ ಊರಿನ ಗೋಡೆಗಳ ಮೇಲೆ ಇತಿಹಾಸ ಇನ್ನೂ ಹಸಿಯಾಗಿತ್ತು. ವೆನೆಜುವೆಲಾ ಸಾಲ ತೀರಿಸಲಿಲ್ಲವೆಂದು 1902ರ ಡಿಸೆಂಬರಿನಲ್ಲಿ ಬ್ರಿಟನ್, ಜರ್ಮನಿ ನೌಕೆಗಳು ಇದೇ ಬಂದರಿನ ಕೋಟೆಗೆ ಗುಂಡು ಹಾರಿಸಿದ್ದವು. ಕೋಟೆಯ ಒಳಗೆ ಸರ್ವಾಧಿಕಾರಿ ಸಿಪ್ರಿಯಾನೊ ಕಾಸ್ಟ್ರೊ ರಾಜಕೀಯ ವಿರೋಧಿಗಳನ್ನು ಕೂಡಿಹಾಕಿದ್ದ. 1908ರ ಜೂನ್‌ನಲ್ಲಿ ಅಮೆರಿಕ ಅವನ ಸರ್ಕಾರದೊಡನೆ ಸಂಬಂಧ ಕಡಿದುಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಸ್ಟ್ರೊ ಚಿಕಿತ್ಸೆಗೆಂದು ಯುರೋಪಿಗೆ ಹೋಗಿದ್ದಾಗ, ಅವನದೇ ಉಪಾಧ್ಯಕ್ಷ ಗೋಮೆಸ್ ಕುರ್ಚಿ ಹಿಡಿದ. ಸಾಲ, ನೌಕೆ, ಕುರ್ಚಿ ಈ ಮೂರಕ್ಕೂ ಇರುವ ನಂಟನ್ನು ಜಾನ್ಸನ್ ಮೊದಲು ಕಣ್ಣಾರೆ ಕಂಡದ್ದು ಇಲ್ಲಿ.

1909ರಲ್ಲಿ ಬಡ್ತಿ ಸಿಕ್ಕಿ ನಿಕರಾಗುವಾದ ಕೋರಿಂಟೊಗೆ ವರ್ಗವಾಯಿತು. ಪೆಸಿಫಿಕ್ ತೀರದ ಪುಟ್ಟ ದ್ವೀಪದ ಮೇಲಿನ ಈ ಊರು ನೋಡಲು ಚಿಕ್ಕದಾದರೂ ದೇಶದ ಹೆಬ್ಬಾಗಿಲು ಇದೇ. ರಾಜಧಾನಿ ಮನಾಗುವಾಕ್ಕೆ ಹೋಗುವ ರೈಲು ಸೇತುವೆ ದಾಟಿ ಇಲ್ಲಿಂದಲೇ ಹೊರಡುತ್ತಿತ್ತು. ಜಾನ್ಸನ್ ಹೋದ ವರ್ಷವೇ ಅಧ್ಯಕ್ಷ ಸೆಲಾಯ ವಿರುದ್ಧ ಬಂಡಾಯ ಎದ್ದಿತು. ಬಂಡಾಯಗಾರರ ಜೊತೆ ಸೇರಿದ್ದ ಇಬ್ಬರು ಅಮೆರಿಕನ್ನರಿಗೆ ಸೆಲಾಯ ಮರಣದಂಡನೆ ವಿಧಿಸಿದಾಗ ಅಮೆರಿಕ ಸಂಬಂಧ ಕಡಿದುಕೊಂಡಿತು. ಸೆಲಾಯ ರಾಜೀನಾಮೆ ಕೊಟ್ಟರು. ಮುಂದೆ ಅಧ್ಯಕ್ಷರಾದ ಅಡೋಲ್ಫೊ ಡಿಯಾಸ್ ಹಿಂದೆ ಅಮೆರಿಕನ್ ಗಣಿ ಕಂಪನಿಯೊಂದರ ನೌಕರರು. ನ್ಯೂಯಾರ್ಕಿನ ಬ್ಯಾಂಕುಗಳು ಸಾಲ ಕೊಟ್ಟವು. ಸಾಲದ ಭದ್ರತೆಗೆಂದು ದೇಶದ ಸುಂಕ ವಸೂಲಿಯ ಉಸ್ತುವಾರಿ ಅಮೆರಿಕದ ಅಧಿಕಾರಿಯ ಕೈ ಸೇರಿತು. ನಡುವೆ 1910ರಲ್ಲಿ ಜಾನ್ಸನ್ ನ್ಯೂಯಾರ್ಕಿಗೆ ಹೋಗಿ ಗ್ರೇಸ್ ನೇಲ್ ಅವರನ್ನು ಮದುವೆಯಾಗಿ ಕೋರಿಂಟೊಗೆ ಕರೆತಂದರು.

1912ರ ಮಧ್ಯಭಾಗದಲ್ಲಿ ಬಿರುಗಾಳಿ ಬಂತು. ಯುದ್ಧಮಂತ್ರಿ ಲೂಯಿಸ್ ಮೆನಾ ಡಿಯಾಸ್ ವಿರುದ್ಧ ತಿರುಗಿಬಿದ್ದರು. ಲಿಬರಲ್ ಪಕ್ಷದವರು ಕೈಜೋಡಿಸಿದರು. ಡಿಯಾಸ್ ಅಮೆರಿಕದ ಸೇನೆಯ ನೆರವು ಕೇಳಿದರು. ಆಗಸ್ಟ್ ಮೊದಲ ವಾರ ಕೋರಿಂಟೊದಲ್ಲಿ ಲಂಗರು ಹಾಕಿದ್ದ ‘ಅನಾಪೊಲಿಸ್’ ನೌಕೆಯಿಂದ ಸುಮಾರು 100 ನಾವಿಕರು ರಾಜಧಾನಿಯ ಕಾವಲಿಗೆ ರೈಲು ಹತ್ತಿದರು. ಬಂದರಿನಲ್ಲಿ ಉಳಿದದ್ದು ಬೆರಳೆಣಿಕೆಯ ಮಂದಿ. ಹತ್ತಿರದ ಲಿಯೋನ್ ನಗರ ಬಂಡಾಯಗಾರರ ಕೈಗೆ ಹೋಯಿತು, ರೈಲುದಾರಿ ಅವರದಾಯಿತು. ಕೋರಿಂಟೊವನ್ನು ಒಪ್ಪಿಸಿ ಎಂಬ ಒತ್ತಾಯ ಬಂತು. ಬಲದಲ್ಲಿ ಗೆಲ್ಲುವಂತಿಲ್ಲ, ಬಿಟ್ಟುಕೊಡುವಂತಿಲ್ಲ. ಜಾನ್ಸನ್ ಮಾತುಕತೆಗೆ ಕೂತರು. ವಕೀಲ ವಾಯಿದೆ ಪಡೆಯುವಂತೆ ಬಂಡಾಯಗಾರರ ಮುಖಂಡರಿಂದ ಕಾಲಾವಕಾಶ ಪಡೆಯುತ್ತಾ ಹೋದರು. ಹೊಸ ನೌಕೆಗಳು ಬರುವವರೆಗೆ ಊರು ಉಳಿಯಿತು.

ಆಗಸ್ಟ್ ತಿಂಗಳಲ್ಲೇ ಪನಾಮಾದಿಂದ ಮೇಜರ್ ಸ್ಮೆಡ್ಲಿ ಬಟ್ಲರ್ ನೇತೃತ್ವದ ಮರೀನ್ ಪಡೆ ಬಂದಿಳಿಯಿತು. ಅದರ ಹಿಂದೆ ಅಡ್ಮಿರಲ್ ಸದರ್‌ಲ್ಯಾಂಡ್ ‘ಕ್ಯಾಲಿಫೋರ್ನಿಯಾ’ ನೌಕೆಯಲ್ಲಿ ಬಂದರು. ಕೆಲವೇ ವಾರಗಳಲ್ಲಿ 2,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, ನಾವಿಕರು ಆ ಪುಟ್ಟ ದೇಶದಲ್ಲಿದ್ದರು. ಮೆನಾ ಶರಣಾದರು. ಶರಣಾಗಲು ಒಪ್ಪದ ಬೆಂಜಮಿನ್ ಸೆಲೆಡಾನ್ ಕೊಯೊಟೆಪೆ ಬೆಟ್ಟದಲ್ಲಿ ಹೋರಾಡಿ ಅಕ್ಟೋಬರ್ 4ರಂದು ಸತ್ತರು. ಅವರೂ ವೃತ್ತಿಯಿಂದ ವಕೀಲರು. ಅವರ ಶವವನ್ನು ಸಾಗಿಸುವಾಗ ದಾರಿಯಲ್ಲಿ ನಿಂತು ನೋಡಿದ ಹದಿಹರೆಯದ ಹುಡುಗನೊಬ್ಬ ಮುಂದೆ ಅಮೆರಿಕದ ಸೇನೆಯ ವಿರುದ್ಧ ವರ್ಷಗಟ್ಟಲೆ ಕಾದಾಡಿದ. ಅವನೇ ಅಗಸ್ಟೊ ಸಾಂಡಿನೊ.

ಒಬ್ಬ ಕಾನ್ಸುಲ್ ಆಗಿ ಜಾನ್ಸನ್ ತಮ್ಮ ಕರ್ತವ್ಯವನ್ನು ಚೆನ್ನಾಗಿ ಮಾಡಿದರು ಎಂಬುದರಲ್ಲಿ ಅನುಮಾನವಿಲ್ಲ. ಆ ಕರ್ತವ್ಯದ ಫಲ ನಿಕರಾಗುವಾದ ಜನರಿಗೆ ಏನಾಯಿತು ಎಂಬುದು ಬೇರೆಯೇ ಪ್ರಶ್ನೆ. ಮರೀನ್ ಪಡೆಯ ಒಂದು ತುಕಡಿ 1925ರವರೆಗೂ ಅಲ್ಲೇ ಉಳಿಯಿತು. ಅವರು ಕಾಪಾಡಿದ ಬಂದರಿನ ಮೂಲಕವೇ ಪರರ ಸೇನೆ ಆ ದೇಶವನ್ನು ಹೊಕ್ಕಿತು. ಜಾನ್ಸನ್ ಅವರನ್ನು ಪ್ರೀತಿಸುವ ನಾವು ಈ ಮಾತನ್ನು ಮುಚ್ಚಿಡಬೇಕಿಲ್ಲ. ಮುಂದೆ ಅವರೇ ಇದಕ್ಕೆ ತಮ್ಮ ಬದುಕಿನಿಂದ ಉತ್ತರ ಕೊಟ್ಟರು.

ಅದೇ 1912ರಲ್ಲಿ ಅವರ ಕಾದಂಬರಿ ‘ದಿ ಆಟೊಬಯಾಗ್ರಫಿ ಆಫ್ ಆನ್ ಎಕ್ಸ್-ಕಲರ್ಡ್ ಮ್ಯಾನ್’ ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ಮೈಬಣ್ಣದ ಬಲದಿಂದ ಬಿಳಿಯರ ನಡುವೆ ಬಿಳಿಯನಾಗಿ ಬೆರೆತುಹೋದವನೊಬ್ಬನ ಕತೆ ಅದು. ಅವನು ತನ್ನ ಜನರನ್ನು ತೊರೆಯಲು ತೀರ್ಮಾನಿಸುವುದು ಒಬ್ಬ ಕಪ್ಪು ಮನುಷ್ಯನನ್ನು ಗುಂಪು ಜೀವಂತ ಸುಡುವುದನ್ನು ಕಂಡ ಮೇಲೆ. ಪುಸ್ತಕದ ಮೇಲೆ ಲೇಖಕರ ಹೆಸರಿರಲಿಲ್ಲ. ಓದಿದವರಲ್ಲಿ ಅನೇಕರು ಅದನ್ನು ನಿಜವಾದ ಆತ್ಮಕತೆಯೆಂದೇ ನಂಬಿದರು. 1927ರಲ್ಲಿ ಮರುಮುದ್ರಣವಾದಾಗ ಅವರ ಹೆಸರು ಮುಖಪುಟಕ್ಕೆ ಬಂತು.

1913ರಲ್ಲಿ ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ ಅಧ್ಯಕ್ಷರಾದರು. ಕೇಂದ್ರ ಸರ್ಕಾರದ ಕಚೇರಿಗಳಲ್ಲೇ ಕಪ್ಪು ನೌಕರರನ್ನು ಪ್ರತ್ಯೇಕ ಕೂರಿಸುವ ಪದ್ಧತಿ ಶುರುವಾಯಿತು. ವಿದೇಶಾಂಗ ಸಚಿವ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನು ಜಾನ್ಸನ್ ಕಂಡರು. ಒಳ್ಳೆಯ ದಾಖಲೆಯಿದ್ದರೂ ಮೇಲೇರುವ ದಾರಿ ತಮಗೆ ಮುಚ್ಚಿದೆಯೆಂದು ಮನವರಿಕೆಯಾಯಿತು. ಅವರು ರಾಜೀನಾಮೆ ಕೊಟ್ಟರು. ವಯಸ್ಸು 42.

1916ರ ಕೊನೆಗೆ ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆ ಅವರನ್ನು ಸಂಘಟನಾ ಕಾರ್ಯದರ್ಶಿಯಾಗಿ ಕರೆಯಿತು. ಆಗ ಸಂಸ್ಥೆಗೆ ದಕ್ಷಿಣದಲ್ಲಿ ಹೆಚ್ಚಿನ ನೆಲೆ ಇರಲಿಲ್ಲ. ಜಾನ್ಸನ್ ಊರೂರು ಸುತ್ತಿ ಶಾಖೆ ಕಟ್ಟಿದರು. 1919ರ ಕೊನೆಗೆ ದೇಶದಾದ್ಯಂತ 300ಕ್ಕೂ ಹೆಚ್ಚು ಶಾಖೆಗಳಿದ್ದವು. ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಜನರ ಹತ್ಯಾಕಾಂಡ ನಡೆದಾಗ, 1917ರ ಜುಲೈ 28ರಂದು ಸುಮಾರು 10,000 ಜನ ನ್ಯೂಯಾರ್ಕಿನ ಐದನೇ ಅವೆನ್ಯೂನಲ್ಲಿ ತುಟಿ ಬಿಚ್ಚದೆ ಮೆರವಣಿಗೆ ನಡೆಸಿದರು. ಕೇಳಿಸಿದ್ದು ತಮಟೆಯ ಮಂದ ಸದ್ದು ಮಾತ್ರ. ಅದರ ಸಂಘಟಕರಲ್ಲಿ ಜಾನ್ಸನ್ ಒಬ್ಬರು. 1920ರಲ್ಲಿ ಅವರು ಆ ಸಂಸ್ಥೆಯ ಮುಖ್ಯ ಕಾರ್ಯದರ್ಶಿಯಾದರು. ಆ ಸ್ಥಾನಕ್ಕೇರಿದ ಮೊದಲ ಕಪ್ಪು ವ್ಯಕ್ತಿ ಅವರೇ.

ಆ ವರ್ಷವೇ ಅವರು ಹೈಟಿಗೆ ಹೋದರು. 1915ರ ಜುಲೈನಿಂದ ಆ ದೇಶ ಅಮೆರಿಕನ್ ಮರೀನ್‌ಗಳ ಹಿಡಿತದಲ್ಲಿತ್ತು. ಅರಾಜಕತೆಯಿಂದ ಕಾಪಾಡಲು ಹೋಗಿದ್ದೇವೆ ಎಂಬುದು ಸರ್ಕಾರದ ಸಮಜಾಯಿಷಿ. ಸಾಮಾನ್ಯ ಪತ್ರಕರ್ತನಾಗಿದ್ದರೆ ಮರೀನ್‌ಗಳನ್ನು ಮಾತಾಡಿಸಿ, ಕಂಡದ್ದಷ್ಟನ್ನು ಬರೆದು ವಾಪಸಾಗುತ್ತಿದ್ದ. ಜಾನ್ಸನ್ ಕೋರಿಂಟೊದ ಕಾನ್ಸುಲ್ ಆಗಿದ್ದವರು. ಸಾಲದ ಪತ್ರದ ಹಿಂದೆ ಸುಂಕದ ಕಟ್ಟೆ, ಸುಂಕದ ಕಟ್ಟೆಯ ಹಿಂದೆ ನೌಕೆ ಹೇಗೆ ಬರುತ್ತದೆಂದು ಬಲ್ಲವರು. ಅವರು ನೇರವಾಗಿ ಬ್ಯಾಂಕಿನ ಜಾಡು ಹಿಡಿದರು. ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕ್ ಹೈಟಿಯ ರಾಷ್ಟ್ರೀಯ ಬ್ಯಾಂಕಿನ ಮೇಲೆ ಸಾಧಿಸಿದ ಹಿಡಿತ, ರಸ್ತೆ ಮಾಡಲು ಹಗ್ಗ ಕಟ್ಟಿ ಎಳೆದೊಯ್ದ ಬಿಟ್ಟಿ ಕೂಲಿಗಳು, ವಿಸರ್ಜಿಸಿದ ಶಾಸನಸಭೆ, ಪರದೇಶಿಗಳಿಗೆ ಭೂಮಿಯ ಒಡೆತನ ತೆರೆದುಕೊಟ್ಟ 1918ರ ಸಂವಿಧಾನ, ಒಂದೊಂದನ್ನೂ ದಾಖಲಿಸಿದರು. ‘ದಿ ನೇಷನ್’ ವಾರಪತ್ರಿಕೆಯಲ್ಲಿ ನಾಲ್ಕು ಲೇಖನಗಳ ಮಾಲೆ ಬಂತು. ಸೇನೆಯ ಕೈಯಲ್ಲಿ ಸುಮಾರು 3,000 ಹೈಟಿಯನ್ನರು ಸತ್ತಿದ್ದಾರೆಂದು ಅವರು ಬರೆದರು. ಅಧ್ಯಕ್ಷೀಯ ಚುನಾವಣೆಯ ಅಭ್ಯರ್ಥಿ ವಾರೆನ್ ಹಾರ್ಡಿಂಗ್‌ಗೆ ಈ ಸಂಗತಿಗಳನ್ನು ಖುದ್ದಾಗಿ ಒದಗಿಸಿದರು. ಹೈಟಿ ಚುನಾವಣೆಯ ವಿಷಯವಾಯಿತು. ಸೆನೆಟ್ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಸೇನೆ ಹೊರಟದ್ದು 1934ರಲ್ಲಿ. ಆದರೆ ಆ ಆಳ್ವಿಕೆಗೆ ಹೊದಿಸಿದ್ದ ಸದುದ್ದೇಶದ ಮುಸುಕು ಹರಿದದ್ದು 1920ರಲ್ಲೇ.

ಮತ್ತೊಂದು ಕಣ ವಾಷಿಂಗ್ಟನ್‌ನ ಶಾಸನಸಭೆ. 1889ರಿಂದ 1918ರವರೆಗಿನ ಮೂವತ್ತು ವರ್ಷಗಳಲ್ಲಿ 3,224 ಮಂದಿ ಗುಂಪುಹತ್ಯೆಗೆ ಬಲಿಯಾದರೆಂದು ಎನ್‌ಎಎಸಿಪಿ ಲೆಕ್ಕ ಹಾಕಿ ಪ್ರಕಟಿಸಿತ್ತು. ಮಿಸೂರಿಯ ಪ್ರತಿನಿಧಿ ಲಿಯೊನಿಡಸ್ ಡೈಯರ್ ಇದನ್ನು ಕೇಂದ್ರ ಕಾನೂನಿನಡಿ ಅಪರಾಧವಾಗಿಸುವ ಮಸೂದೆ ತಂದಿದ್ದರು. ಜಾನ್ಸನ್ ಶಾಸನಸಭೆಯ ಪಡಸಾಲೆಗಳಲ್ಲಿ ಒಬ್ಬೊಬ್ಬ ಸದಸ್ಯನ ಬೆನ್ನು ಹತ್ತಿದರು. ಸಂವಿಧಾನದ ಆಕ್ಷೇಪ ಎತ್ತಿದವರಿಗೆ ವಕೀಲರಾಗಿ ಉತ್ತರಿಸಿದರು. 1922ರ ಜನವರಿ 26ರಂದು ಕೆಳಮನೆ 231–119 ಮತಗಳಿಂದ ಮಸೂದೆ ಅಂಗೀಕರಿಸಿತು. ಪ್ರೇಕ್ಷಕರ ಗ್ಯಾಲರಿಯಲ್ಲಿ ತುಂಬಿದ್ದ ಕಪ್ಪು ಜನ ಎದ್ದು ನಿಂತು ಹರ್ಷೋದ್ಗಾರ ಮಾಡಿದರು. ಆದರೆ ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಕಲಾಪವನ್ನೇ ತಡೆದು, ಡಿಸೆಂಬರಿನಲ್ಲಿ ಮಸೂದೆಯನ್ನು ಸಾಯಿಸಿದರು. ಅದು ಸೋತರೂ ಗುಂಪುಹತ್ಯೆಯ ಸುದ್ದಿ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಪಾರ್ಕಿನ ಆ ದಿನದ ಭಯ ತಮ್ಮನ್ನು ಬಿಟ್ಟು ಹೋದದ್ದು ಈ ಹೋರಾಟದಲ್ಲಿ ಎಂದು ಜಾನ್ಸನ್ ಬರೆದಿದ್ದಾರೆ.

1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಗೆಲುವು ಬಂತು. 1919ರಲ್ಲಿ ಆರ್ಕನ್ಸಾ ರಾಜ್ಯದ ಇಲೇನ್ ಸುತ್ತಮುತ್ತ ನಡೆದ ಹಿಂಸೆಯ ನಂತರ 12 ಕಪ್ಪು ರೈತರಿಗೆ ಆತುರದಲ್ಲಿ ಮರಣದಂಡನೆ ವಿಧಿಸಲಾಗಿತ್ತು. ಎನ್‌ಎಎಸಿಪಿ ವರ್ಷಗಟ್ಟಲೆ ಹಣ ಕೂಡಿಸಿ ಮೇಲ್ಮನವಿ ನಡೆಸಿತು. ಹೊರಗೆ ಗುಂಪಿನ ಬೆದರಿಕೆ ಇರುವಾಗ ಒಳಗೆ ನಡೆಯುವ ವಿಚಾರಣೆ ನ್ಯಾಯಸಮ್ಮತವಾಗದು ಎಂದು ‘ಮೂರ್ ವಿರುದ್ಧ ಡೆಂಪ್ಸಿ’ ತೀರ್ಪು ಸಾರಿತು. ಕೊನೆಗೆ ಆ ಹನ್ನೆರಡು ಜನರ ಜೀವವೂ ಉಳಿಯಿತು. ಜ್ಯಾಕ್ಸನ್‌ವಿಲ್ ಕೋರ್ಟಿನಲ್ಲಿ ಸನ್ನದು ಪಡೆದವರಿಗೆ ಇದಕ್ಕಿಂತ ದೊಡ್ಡ ಮೊಕದ್ದಮೆ ಬೇಕಿರಲಿಲ್ಲ.

ಜಾನ್ಸನ್ 1938ರ ಜೂನ್ 26ರಂದು, ಮೇನ್ ರಾಜ್ಯದಲ್ಲಿ ಅವರ ಕಾರಿಗೆ ರೈಲು ಡಿಕ್ಕಿ ಹೊಡೆದು ತೀರಿಕೊಂಡರು. ಅವರು ಗೆಲ್ಲಿಸಲಾಗದಂಥ ಗುಂಪುಹತ್ಯೆ ವಿರೋಧಿ ಕಾಯಿದೆಗೆ, ಹತ್ಯೆಗೀಡಾದ ಕಪ್ಪು ಹುಡುಗ ಎಮೆಟ್ ಟಿಲ್ ಹೆಸರಿನಲ್ಲಿ, ಅಧ್ಯಕ್ಷರ ಅಂಕಿತ ಬಿದ್ದದ್ದು 2022ರ ಮಾರ್ಚ್ 29ರಂದು, ಡೈಯರ್ ಮಸೂದೆ ಸೋತ ವರ್ಷದಿಂದ ಒಂದು ಶತಮಾನದ ನಂತರ.

ಸರ್ಕಾರದ ಉಪ್ಪು ತಿಂದವನು ಸರ್ಕಾರದ ತಪ್ಪು ಹೇಳಬಾರದು ಎಂಬ ಮಾತು ಎಲ್ಲ ದೇಶಗಳಲ್ಲೂ ಇದೆ. ಜಾನ್ಸನ್ ಬದುಕು ಅದನ್ನು ಒಪ್ಪುವುದಿಲ್ಲ. ಅವರು ಹುದ್ದೆಯಲ್ಲಿದ್ದಷ್ಟು ಕಾಲ ಪ್ರಾಮಾಣಿಕವಾಗಿ ದುಡಿದರು. ಹುದ್ದೆ ಬಿಟ್ಟ ಮೇಲೆ, ಅಲ್ಲಿ ಕಲಿತದ್ದನ್ನು ಹುದ್ದೆಯಿಲ್ಲದವರ ಪರವಾಗಿ ಬಳಸಿದರು. ಅಧಿಕಾರ ಹೇಗೆ ನಡೆಯುತ್ತದೆಂದು ಒಳಗಿನಿಂದ ತಿಳಿದವರು ಮೌನವಾಗಿ ಪಿಂಚಣಿ ಎಣಿಸಿದರೆ ಅದರಿಂದ ಜನರಿಗೆ ಎರಡು ಬಾರಿ ನಷ್ಟ. ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಹೈಟಿಯ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಬ್ಯಾಂಕಿನ ಜಾಡು ಹಿಡಿದ ಈ ಮಾಜಿ ಕಾನ್ಸುಲ್ ಸಾಕ್ಷಿ.